ಕೊಲೆಗೆ ಮೊದಲು ಒಂದು ಅರ್ಜಿ ಬಂದಿರುತ್ತದೆ: ಗೃಹ ಸಚಿವರಿಗೂ ಕಂದಾಯ ಸಚಿವರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ ಮತ್ತು ಮಾನ್ಯ ಕಂದಾಯ ಸಚಿವರಿಗೆ,

ವಿಜಯಪುರ ಜಿಲ್ಲೆಯಿಂದ ನಮಸ್ಕಾರಗಳು.

ಅಪರಾಧ ತಡೆಯುವ ವಿಚಾರಕ್ಕೆ ಗೃಹ ಸಚಿವರಿಗೆ ಬರೆಯುವುದು ಸರಿ, ಕಂದಾಯ ಸಚಿವರಿಗೆ ಯಾಕೆ ಎಂದು ಯಾರಾದರೂ ಕೇಳಬಹುದು. ಈ ಪತ್ರ ಬರೆಯಲು ಕಾರಣವೇ ಅದು. ನಮ್ಮ ಕಡೆ ಹಳ್ಳಿಗಳಲ್ಲಿ ಆಗುವ ಕೊಲೆ, ಹೊಡೆದಾಟ, ಬಣವಿಗೆ ಬೆಂಕಿ, ಬೋರ್‌ವೆಲ್ ಕೇಬಲ್ ಕತ್ತರಿಸುವುದು, ಇವುಗಳಲ್ಲಿ ಬಹಳಷ್ಟು ಹುಟ್ಟುವುದು ಹೊಲದ ಬದುವಿನ ಮೇಲೆ. ಅದರ ಮೊದಲ ಕಾಗದ ಹೋಗುವುದು ತಾಲೂಕು ಕಚೇರಿಗೆ. ಠಾಣೆಗೆ ಹೋಗುವ ಹೊತ್ತಿಗೆ ಜಗಳ ಹಳೆಯದಾಗಿರುತ್ತದೆ.

ನಾನು ಜಿಲ್ಲೆಯ ಒಂದು ತಾಲೂಕು ಕಚೇರಿಯ ಎದುರು ಟೇಬಲ್ ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಬಾಂಡ್ ರೈಟರ್ ಅಂತ ಜನ ಕರೆಯುತ್ತಾರೆ. ಹದ್ದುಬಸ್ತಿಗೆ (ಹೊಲದ ಗಡಿ ಅಳೆಸುವುದು), ಪೋಡಿಗೆ (ಪಾಲಾದ ಹೊಲಕ್ಕೆ ಬೇರೆ ನಕ್ಷೆ, ನಂಬರು), ವಾರಸಾಕ್ಕೆ (ಸತ್ತವರ ಹೊಲ ವಾರಸುದಾರರ ಹೆಸರಿಗೆ), ದಾರಿ ತಕರಾರಿಗೆ, ಎಲ್ಲಕ್ಕೂ ಜನ ಮೊದಲು ನಮ್ಮ ಹತ್ತಿರ ಬರುತ್ತಾರೆ. ಅವರು ಹೇಳಿದ್ದನ್ನು ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸುತ್ತೇವೆ. ಸಾಹೇಬರ ಮುಂದೆ ಹೇಳದ ಮಾತನ್ನೂ ನಮ್ಮ ಮುಂದೆ ಹೇಳುತ್ತಾರೆ. ಕೆಲವರ ಮಾತು ಕೇಳಿದಾಗಲೇ ಗೊತ್ತಾಗಿಬಿಡುತ್ತದೆ, ಈ ಜಗಳ ಕಾಗದದಲ್ಲಿ ನಿಲ್ಲುವುದಿಲ್ಲ ಅಂತ.

ನಮ್ಮ ಜಿಲ್ಲೆ ಸುದ್ದಿಯಾಗುವುದು ಬೇರೆ ಕಾರಣಕ್ಕೆ. 2025ರ ಮೇ ತಿಂಗಳಲ್ಲಿ ಮನಗೂಳಿಯ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆಜಿ ಚಿನ್ನ ಕಳುವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮುಸುಕು ಹಾಕಿಕೊಂಡವರು ಚಡಚಣದ ಬ್ಯಾಂಕಿಗೆ ನುಗ್ಗಿ ಸುಮಾರು 20 ಕೆಜಿ ಚಿನ್ನ, 1 ಕೋಟಿಗೂ ಜಾಸ್ತಿ ನಗದು ಒಯ್ದರು. ಇಡೀ ರಾಜ್ಯ ಇತ್ತ ನೋಡಿತು. ಪೊಲೀಸರು ತಂಡ ಕಟ್ಟಿಕೊಂಡು ಹಗಲು ರಾತ್ರಿ ಓಡಾಡಿದರು. ಮನಗೂಳಿ ಕೇಸಿನಲ್ಲಿ ಅದೇ ಶಾಖೆಯ ಹಿಂದಿನ ಮ್ಯಾನೇಜರನ್ನೇ ಬಂಧಿಸಿದರು. ಮೆಚ್ಚಬೇಕಾದ ಕೆಲಸ ಅದು. ಮನೆಯ ಹೆಣ್ಣುಮಕ್ಕಳ ತಾಳಿ, ಬಳೆ ಆ ಲಾಕರಿನಲ್ಲಿತ್ತು, ಜನರಿಗೆ ಅದು ಸಣ್ಣ ವಿಷಯವಲ್ಲ.

ಆದರೆ ನಮ್ಮ ಜನ ಸಾಯುವುದು ದರೋಡೆಕೋರರ ಕೈಯಲ್ಲಿ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕ ನೋಡಿ. ದೇಶದಲ್ಲಿ ಆ ವರ್ಷ 28,522 ಕೊಲೆ ಕೇಸು. ಅದರಲ್ಲಿ 9,962 ಕೊಲೆ ಆಗಿದ್ದು ತಕರಾರಿನಿಂದ. ಜಮೀನು, ಆಸ್ತಿ, ಮನೆತನ, ಹಣದ ವ್ಯವಹಾರ, ಸಣ್ಣಪುಟ್ಟ ಜಗಳ ಎಲ್ಲ ಇದರಲ್ಲಿ ಬರುತ್ತವೆ. ಹಳೆಯ ದ್ವೇಷದಿಂದ ಆದವು ಇನ್ನೂ 3,761. ಹಣ ದೋಚಲು, ಲಾಭಕ್ಕೆ ಅಂತ ಆದವು 1,884. ಅಂದರೆ ಕೊಂದವನಿಗೂ ಸತ್ತವನಿಗೂ ಬಹಳ ಸಲ ಪರಿಚಯ ಇತ್ತು. ಒಂದೇ ಬಾವಿಯ ನೀರು ಕುಡಿದವರು, ಒಂದೇ ಜಾತ್ರೆಯಲ್ಲಿ ತೇರು ಎಳೆದವರು, ಎಷ್ಟೋ ಸಲ ಒಂದೇ ಅಜ್ಜನ ಮೊಮ್ಮಕ್ಕಳು.

ಭೀಮಾ ತೀರ ಅಂದರೆ ಹೊರಗಿನವರಿಗೆ ಕಂಟ್ರಿ ಪಿಸ್ತೂಲು, ಮನೆತನದ ಹಗೆ ಇಷ್ಟೇ ನೆನಪಾಗುತ್ತದೆ. ಇಲ್ಲಿ ಬದುಕುವ ನಮಗೆ ಇದು ತುಂಬಾ ನೋವಿನ ವಿಷಯ. ಹುಡುಗರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಊರಿನ ಹೆಸರು ಹೇಳಲು ಅಳುಕುತ್ತಾರೆ. ಪಿಸ್ತೂಲು ಹಿಡಿಯಬೇಕು, ತರುವವರನ್ನು ಹಿಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಸ್ತೂಲು ಇಲ್ಲದ ಊರಲ್ಲಿ ಕುಡಗೋಲು ಇದೆ, ಕೊಡಲಿ ಇದೆ. ಅವು ರೈತನ ಮನೆಯಲ್ಲಿ ಇರಲೇಬೇಕಾದ ಸಾಮಾನು. ಅವನ್ನು ಜಪ್ತಿ ಮಾಡಲು ಬರುವುದಿಲ್ಲ. ಅವನ್ನು ಎತ್ತುವ ಕಾರಣವನ್ನು ತೆಗೆಯಬಹುದು.

ಆ ಕಾರಣ ಹೇಗೆ ಬೆಳೆಯುತ್ತಿದೆ ಅಂತ ಬೆಂಗಳೂರಿನಲ್ಲಿ ಕೂತವರಿಗೆ ತಿಳಿಯಲಿ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಹೊಲಗಳ ಮೂಲ ಅಳತೆ ಮುಂಬೈ ಪ್ರಾಂತ್ಯದ ಕಾಲದ್ದು. 1836ರಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಶುರು ಮಾಡಿದ ಸರ್ವೆ ಪದ್ಧತಿಯೇ ಮುಂದೆ ನಮ್ಮ ಕಡೆಗೂ ಬಂತು. ಒಂದೊಂದು ಸರ್ವೆ ನಂಬರಿಗೂ ಬಾಂದುಕಲ್ಲು, ಅಂದರೆ ಗಡಿಕಲ್ಲು, ನೆಟ್ಟರು. ಆಮೇಲೆ ಎಷ್ಟೋ ತಲೆಮಾರು ಕಳೆದವು. ಒಂದು ನಂಬರು ನಾಲ್ಕಾಗಿ, ನಾಲ್ಕು ಹತ್ತಾಗಿ ಒಡೆಯಿತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಎಕರೆ, ಗುಂಟೆ ಹಂಚಿಕೆಯಾಗಿದೆ. ನಕ್ಷೆಯಲ್ಲಿ ಆಗಿಲ್ಲ. ಯಾರ ಎರಡು ಎಕರೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅನ್ನುವುದು ಹಿರಿಯರ ಬಾಯಿಮಾತಿನಲ್ಲಿದೆ. ಹಿರಿಯರು ಹೋದರೆ ಅದೂ ಹೋಯಿತು. ಕಲ್ಲುಗಳಲ್ಲಿ ಕೆಲವನ್ನು ಟ್ರ್ಯಾಕ್ಟರ್ ಕಿತ್ತಿದೆ, ಕೆಲವನ್ನು ಮನುಷ್ಯರೇ ಕಿತ್ತಿದ್ದಾರೆ.

ಮೊದಲು ಇದರಿಂದ ಇಷ್ಟು ತೊಂದರೆ ಇರಲಿಲ್ಲ. ಬಿಳಿಜೋಳ, ಕಡಲೆ, ತೊಗರಿ ಬೆಳೆಯುವ ಒಣ ಹೊಲ. ಬದು ಒಂದು ಮೊಳ ಆಚೆ ಈಚೆ ಆದರೆ ಬೈದಾಡಿ ಸುಮ್ಮನಾಗುತ್ತಿದ್ದರು. ಈಗ ಆಲಮಟ್ಟಿಯ ನೀರು ಕಾಲುವೆಯಲ್ಲಿ ಹರಿಯುತ್ತಿದೆ, ಮುಳವಾಡ ಏತ ನೀರಾವರಿ ಬಂದಿದೆ. ತಿಕೋಟಾ ಕಡೆ ದ್ರಾಕ್ಷಿ, ಇಂಡಿ ಕಡೆ ನಿಂಬೆ, ಎಲ್ಲ ಕಡೆ ಕಬ್ಬು. ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ಭೂಮಿಗೆ ಬೆಲೆ ಬಂತು. ಬೆಲೆ ಬಂದ ಭೂಮಿಯಲ್ಲಿ ಒಂದು ಮೊಳ ಅಂದರೆ ಒಂದು ಸಾಲು ನಿಂಬೆ ಗಿಡ. ನೀರು ಬಂದಿದ್ದು ಒಳ್ಳೆಯದೇ, ನಮ್ಮ ಬರಗಾಲದ ಜಿಲ್ಲೆಗೆ ಅದಕ್ಕಿಂತ ದೊಡ್ಡ ವರ ಇಲ್ಲ. ಆದರೆ ನೀರು ಕೊಟ್ಟ ಸರ್ಕಾರ ಅಳತೆ ಮಾಡಿಕೊಡಲಿಲ್ಲ.

ದಾರಿಯ ಕಥೆಯೂ ಹಾಗೇ. ಎತ್ತಿನ ಬಂಡಿ ಹೋಗಲು ಬದುವಿನ ಪಕ್ಕದ ಸಣ್ಣ ದಾರಿ ಸಾಕಾಗಿತ್ತು. ಈಗ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಬರುತ್ತದೆ. ಮುಂದಿನ ಹೊಲದವನು ಬಿಡದಿದ್ದರೆ ಹಿಂದಿನ ಹೊಲದವನ ಕಬ್ಬು ಅಲ್ಲೇ ಒಣಗುತ್ತದೆ. ಕಾರ್ಖಾನೆಯ ಕಟಾವು ಪಾಳಿ ಯಾರಿಗೂ ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ ಮನುಷ್ಯನ ತಲೆ ಹೇಗೆ ಬಿಸಿಯಾಗುತ್ತದೆ ಅಂತ ರೈತನಿಗೆ ಮಾತ್ರ ಗೊತ್ತು.

ಒಂದು ಕೇಸು ಹೇಳುತ್ತೇನೆ. ಊರೂ ಬೇಡ, ಹೆಸರೂ ಬೇಡ. ಇಬ್ಬರೂ ಅಣ್ಣ ತಮ್ಮಂದಿರ ಮಕ್ಕಳು. ಒಬ್ಬನದು ಮುಂದಿನ ಹೊಲ, ಇನ್ನೊಬ್ಬನದು ಹಿಂದಿನದು. ಹಿಂದಿನವನು ಬೋರ್ ಹಾಕಿಸಿ ಕಬ್ಬು ಹಚ್ಚಿದ. ಮುಂದಿನವನು ದಾರಿ ಕೆದರಿ ಉತ್ತುಬಿಟ್ಟ. ದಾರಿ ಬಿಡಿಸಿಕೊಡಿ ಅಂತ ಒಂದು ಅರ್ಜಿ, ಹದ್ದುಬಸ್ತು ಮಾಡಿಕೊಡಿ ಅಂತ ಇನ್ನೊಂದು. ಎರಡನ್ನೂ ನಾನೇ ಬರೆದೆ. ಸರ್ವೇಯರ್ ನೋಟಿಸ್ ಕೊಟ್ಟ ದಿನ ಎದುರಿನವನು ಊರಲ್ಲಿ ಇರಲಿಲ್ಲ, ಅಳತೆ ಮುಂದಕ್ಕೆ ಹೋಯಿತು. ಆಮೇಲೆ ಬೆಳೆ ನಿಂತಿದೆ ಅಂತ ಮುಂದಕ್ಕೆ ಹೋಯಿತು. ಆಮೇಲೆ ಚುನಾವಣೆ ಕೆಲಸ ಬಂತು. ಠಾಣೆಗೆ ಹೋದರೆ, "ಇದು ಸಿವಿಲ್ ಮ್ಯಾಟರ್ ಐತಿ, ಕೋರ್ಟಿಗಿ ಹೋಗ್ರಿ" ಅಂದರು. ಜಗಳ ಜೋರಾದಾಗ ಇಬ್ಬರ ಮೇಲೂ ಶಾಂತಿ ಕಾಪಾಡುವ ಕೇಸು ಹಾಕಿ, ಜಗಳ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡರು. ದಾರಿ ಮಾತ್ರ ಉತ್ತ ಹಾಗೇ ಇತ್ತು. ಒಂದು ಹಂಗಾಮಿನ ಕಬ್ಬು ಹೊರಗೆ ಬರಲಿಲ್ಲ. ಮುಂದಿನ ಹಂಗಾಮಿನಲ್ಲಿ ಒಬ್ಬ ಸತ್ತ, ಒಬ್ಬ ಜೈಲಿಗೆ ಹೋದ.

ಆಮೇಲೆ ಏನಾಯಿತು ಗೊತ್ತಾ? ಎಲ್ಲ ಕೆಲಸ ಸರಸರ ಆಯಿತು. ಕೊಲೆಯಾದ ಜಾಗದ ನಕ್ಷೆ ಬೇಕು ಅಂತ ಪೊಲೀಸರು ಬರೆದರು, ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆದು ನಕ್ಷೆ ಮಾಡಿಕೊಟ್ಟರು. ಆ ಹೊಲದ ಉತಾರ ತನಿಖಾಧಿಕಾರಿಗೆ ತಡವಿಲ್ಲದೆ ಸಿಕ್ಕಿತು. ಬದು ಎಲ್ಲಿದೆ, ದಾರಿ ಎಲ್ಲಿತ್ತು, ಹೆಣ ಎಲ್ಲಿ ಬಿದ್ದಿತ್ತು, ಎಲ್ಲವೂ ಆ ಹಾಳೆಯಲ್ಲಿ ಬಂತು. ಸತ್ತವನ ಹೆಂಡತಿ ವಿಧವಾ ವೇತನದ ಅರ್ಜಿ ಬರೆಸಲು ನನ್ನ ಟೇಬಲ್ಲಿಗೆ ಬಂದರು. ಆರೋಪಿಯ ಹೆಂಡತಿಯೂ ಬಂದರು, ಅವರಿಗೆ ಗಂಡನ ಜಾಮೀನಿಗೆ ಉತಾರ ಬೇಕಾಗಿತ್ತು. ಇಬ್ಬರೂ ಹೇಳಿದ್ದು ಒಂದೇ ಸರ್ವೆ ನಂಬರು.

ಆ ನಕ್ಷೆಯನ್ನು ಕೊಲೆಗೆ ಮೊದಲೇ ಮಾಡಿದ್ದರೆ ಎರಡು ಮನೆ ಉಳಿಯುತ್ತಿದ್ದವು, ಅಲ್ವಾ? ನಾನು ಕೇಳುತ್ತಿರುವುದು ಇಷ್ಟನ್ನೇ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ದಾರಿ ಇದೆ. ಅದರ 126ನೇ ಕಲಂ ಶಾಂತಿ ಮುಚ್ಚಳಿಕೆಗೆ. ಹಳೆಯ ಕಾನೂನಿನಲ್ಲಿ ಅದು 107. ಜನ ಈಗಲೂ "ಒನ್ ನಾಟ್ ಸೆವೆನ್ ಹಾಕ್ಯಾರ" ಅಂತಲೇ ಹೇಳುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಕಲಂ, ಯಾಕೆಂದರೆ ಬಳಸಲು ಸುಲಭ. ಇಬ್ಬರನ್ನೂ ಕರೆದು ಸಹಿ ಮಾಡಿಸಿದರೆ ಆಯಿತು. ಅದೇ ಸಂಹಿತೆಯ 164ನೇ ಕಲಂ ಏನು ಹೇಳುತ್ತದೆ ನೋಡಿ. ಜಮೀನು ಅಥವಾ ನೀರಿನ ತಕರಾರಿನಿಂದ ಶಾಂತಿ ಕೆಡುವ ಸಂಭವ ಇದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿ ಎರಡೂ ಕಡೆಯವರನ್ನು ಕರೆಸಿ, ಕಬ್ಜಾ (ಸ್ವಾಧೀನ) ಯಾರದಿತ್ತು ಅಂತ ವಿಚಾರಿಸಿ ಆದೇಶ ಮಾಡಬಹುದು. 166ನೇ ಕಲಂ ದಾರಿ, ನೀರು ಇವುಗಳನ್ನು ಬಳಸುವ ಹಕ್ಕಿನ ತಕರಾರಿಗೆ. ತಹಶೀಲ್ದಾರರೇ ಆ ದಂಡಾಧಿಕಾರಿ. ಕೋರ್ಟ್ ಕೊನೆಗೆ ಏನು ಹೇಳುತ್ತದೋ ಅದು ಬೇರೆ. ಅಲ್ಲಿಯವರೆಗೆ ಯಾರೂ ಯಾರ ಮೇಲೂ ಕೈ ಮಾಡದ ಹಾಗೆ ಒಂದು ಗೆರೆ ಎಳೆಯುವ ಅಧಿಕಾರ ನಮ್ಮ ತಾಲೂಕು ಕಚೇರಿಯಲ್ಲೇ ಇದೆ. "ಸಿವಿಲ್ ಮ್ಯಾಟರ್" ಅಂತ ವಾಪಸ್ ಕಳಿಸುವ ಬದಲು ಠಾಣೆಯವರು ಒಂದು ವರದಿ ಬರೆದು ತಹಶೀಲ್ದಾರರಿಗೆ ಕೊಟ್ಟರೆ ಕೆಲಸ ಶುರುವಾಗುತ್ತದೆ.

ಪೊಲೀಸರನ್ನು ಸುಮ್ನೆ ಬೈಯುವುದು ನನ್ನ ಉದ್ದೇಶವಲ್ಲ. ಜಮೀನು ಯಾರದು ಅಂತ ತೀರ್ಮಾನ ಮಾಡುವ ಅಧಿಕಾರ ಪಿಎಸ್‌ಐಗೆ ಇಲ್ಲ, ಇರಲೂ ಬಾರದು. ಠಾಣೆಯಲ್ಲಿ ಕೂರಿಸಿ ಸೆಟ್ಲ್ ಮಾಡಿಸುವ ಪದ್ಧತಿ ಬೆಳೆದರೆ ಹಣ ಇದ್ದವನದೇ ಹೊಲ ಆಗುತ್ತದೆ. ಸರ್ವೇಯರ್‌ಗಳ ಮೇಲೂ ಕೆಲಸದ ಹೊರೆ ಜಾಸ್ತಿ ಇದೆ. ಬಿಸಿಲಲ್ಲಿ ಒಬ್ಬರೇ ಹೋಗಿ, ಎರಡೂ ಕಡೆಯವರ ಬೈಗುಳ ತಿಂದು, ಕಲ್ಲು ನೆಟ್ಟು ಬರಬೇಕು. ಈಗ ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಯಂತ್ರ ಕೊಡುತ್ತಿದ್ದೀರಿ, ಅಳತೆ ಬೇಗ ಆಗುತ್ತದೆ, ಇದಕ್ಕೆ ಕಂದಾಯ ಸಚಿವರಿಗೆ ಧನ್ಯವಾದ ಹೇಳಲೇಬೇಕು. ಆದರೆ ಯಂತ್ರ ಯಾವ ಹೊಲಕ್ಕೆ ಮೊದಲು ಹೋಗಬೇಕು ಅನ್ನುವುದು ದೊಡ್ಡ ಪ್ರಶ್ನೆ. ಇವತ್ತು ಹಣ ಕಟ್ಟಿದ ಪಾಳಿಯ ಪ್ರಕಾರ ಹೋಗುತ್ತದೆ. ಹೊಲದ ಒಂದು ಭಾಗ ಮಾರಲು 11ಇ ಎಂಬ ಅಳತೆ ನಕ್ಷೆ ಬೇಕಾದವನೂ ಅದೇ ಸಾಲಿನಲ್ಲಿ, ಕೊಡಲಿ ಎತ್ತುವ ಹಂತಕ್ಕೆ ಬಂದ ಅಣ್ಣ ತಮ್ಮಂದಿರೂ ಅದೇ ಸಾಲಿನಲ್ಲಿ. ಆಸ್ಪತ್ರೆಯಲ್ಲಿ ರಕ್ತ ಸುರಿಯುವವನನ್ನು ಚೀಟಿಯ ಸಾಲಿನಲ್ಲಿ ನಿಲ್ಲಿಸುತ್ತಾರೆಯೇ?

ತಡವಾದರೆ ದಂಡ ಇದೆಯಲ್ಲ ಎನ್ನಬಹುದು. 2011ರ ಸಕಾಲ ಕಾಯ್ದೆಯ ಪ್ರಕಾರ ತಡವಾದ ದಿನಕ್ಕೆ 20 ರೂಪಾಯಿ, ಎಲ್ಲ ಸೇರಿ 500 ರೂಪಾಯಿ ಮೀರುವಂತಿಲ್ಲ. ನನ್ನ ಟೇಬಲ್ಲಿಗೆ ಬಂದವರಲ್ಲಿ ಆ ಹಣ ಪಡೆದವರನ್ನು ನಾನು ಕಂಡಿಲ್ಲ.

ಮೊದಲ ಬೇಡಿಕೆ ಇದು. ಜಮೀನಿನ ಅರ್ಜಿ ಮತ್ತು ಠಾಣೆಯ ಅರ್ಜಿ ಒಂದಕ್ಕೊಂದು ಸೇರಬೇಕು. ಒಂದೇ ಸರ್ವೆ ನಂಬರಿನ ಮೇಲೆ ತಾಲೂಕು ಕಚೇರಿಯಲ್ಲಿ ಒಂದು ತಕರಾರು, ಠಾಣೆಯಲ್ಲಿ ಒಂದು ದೂರು, ತುರ್ತು ನಂಬರ್ 112ಕ್ಕೆ ಒಂದು ಕರೆ ಬಂದಿದ್ದರೆ ಅದು ಅಪಾಯದ ಹೊಲ. ಅದನ್ನು ಬೇರೆ ತೆಗೆದು ತಿಂಗಳೊಳಗೆ ಅಳೆಯಬೇಕು, ಅಳತೆಯ ದಿನ ಪೊಲೀಸರು ಜೊತೆಗಿರಬೇಕು. ಎರಡು ಇಲಾಖೆಗೂ ಕಂಪ್ಯೂಟರ್ ಇದೆ. ಕಂದಾಯ ಇಲಾಖೆಯ 'ಭೂಮಿ' ತಂತ್ರಾಂಶದಲ್ಲಿ ಸರ್ವೆ ನಂಬರ್ ಹೊಡೆದರೆ ಎಲ್ಲ ಬರುತ್ತದೆ. ಠಾಣೆಯ ಅರ್ಜಿಯಲ್ಲಿ ಸರ್ವೆ ನಂಬರ್ ಬರೆಯುವ ಒಂದು ಖಾನೆ ಇಟ್ಟರೆ ಸಾಕು.

ಎರಡನೆಯದು, ವಾರಕ್ಕೊಮ್ಮೆ ತಹಶೀಲ್ದಾರರು, ಪಿಎಸ್‌ಐ, ಸರ್ವೆ ಇಲಾಖೆಯವರು ಒಂದೇ ಮೇಜಿನ ಮುಂದೆ ಕೂರಬೇಕು. ಬಿಹಾರದಲ್ಲಿ ಅಂಚಲ ಅಧಿಕಾರಿ (ನಮ್ಮ ತಹಶೀಲ್ದಾರರ ಹಾಗೆ) ಮತ್ತು ಠಾಣಾಧಿಕಾರಿ ಶನಿವಾರ ಒಟ್ಟಿಗೆ ಕೂತು ಜಮೀನು ತಕರಾರು ಕೇಳಬೇಕು ಎಂಬ ನಿಯಮ ಇದೆ. ಅಲ್ಲಿನ ಅಪರಾಧಗಳಲ್ಲಿ ಹೆಚ್ಚಿನವು ಜಮೀನಿನಿಂದ ಹುಟ್ಟುತ್ತವೆ ಅಂತ ಅಲ್ಲಿ ಮುಖ್ಯಮಂತ್ರಿಯಾಗಿದ್ದ ನಿತೀಶ್ ಕುಮಾರ್ ಅವರೇ ಮತ್ತೆ ಮತ್ತೆ ಹೇಳಿದ್ದರು. ನಮ್ಮಲ್ಲಿ ಜನ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಪ್ರತಿ ಕಚೇರಿಯಲ್ಲೂ ಇನ್ನೊಂದು ಕಚೇರಿಯ ಹೆಸರು ಹೇಳುತ್ತಾರೆ. ಅಲೆದಷ್ಟೂ ಸಿಟ್ಟು ಏರುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಗಡಿಯಾಚೆಯೇ ಇದೆ. 2007ರ ಆಗಸ್ಟ್ 15ರಂದು ಮಹಾರಾಷ್ಟ್ರದ ಆಗಿನ ಗೃಹ ಸಚಿವ ಆರ್.ಆರ್. ಪಾಟೀಲರು ತಂಟಾಮುಕ್ತ ಗ್ರಾಮ, ಅಂದರೆ ಜಗಳವಿಲ್ಲದ ಹಳ್ಳಿ, ಅಭಿಯಾನ ಶುರು ಮಾಡಿದರು. ಅವರು ನಮ್ಮ ಪಕ್ಕದ ಸಾಂಗ್ಲಿ ಜಿಲ್ಲೆಯ ತಾಸಗಾಂವ ಕಡೆಯವರು, ಹಳ್ಳಿಯ ಜಗಳ ಬಲ್ಲವರು. ಊರ ಜಗಳ ಊರಲ್ಲೇ ಬಗೆಹರಿಸಿದ ಹಳ್ಳಿಗೆ ಜನಸಂಖ್ಯೆ ನೋಡಿ 1 ಲಕ್ಷದಿಂದ 10 ಲಕ್ಷ ರೂಪಾಯಿವರೆಗೆ ಬಹುಮಾನ. ಜತ್ತ, ಸೊಲ್ಲಾಪುರ ಕಡೆ ಬೀಗರಿರುವ ನಮ್ಮವರಿಗೆ ಆ ಅಭಿಯಾನ ಗೊತ್ತು.

ಇದನ್ನು ಹಾಗೇ ತನ್ನಿ ಅಂತ ನಾನು ಹೇಳುವುದಿಲ್ಲ. ಬಹುಮಾನದ ಆಸೆಗೆ ಬಡವನ ಕೈಯಿಂದ ರಾಜಿ ಪತ್ರಕ್ಕೆ ಸಹಿ ಹಾಕಿಸುವ ಅಪಾಯ ಇದೆ. ಊರಿನ ಹಿರಿಯರು ಅಂದರೆ ಬಹಳ ಕಡೆ ಒಂದೇ ಜಾತಿಯ, ದೊಡ್ಡ ಹೊಲದ ಗಂಡಸರು. ಊರೇ ತಪ್ಪು ಮಾಡಿದಾಗ ಯಾರ ಹತ್ತಿರ ಹೋಗಬೇಕು? 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತಿದೆ. ಮಗ ಹುಡುಗಿಯನ್ನು ಕರೆದುಕೊಂಡು ಹೋದ ಅಂತ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡಿತು. ನಿಂತು ನೋಡಿದ ಜನರ ಬಗ್ಗೆ ಕಟುವಾಗಿ ಮಾತಾಡಿ, ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಕಾಲದಲ್ಲಿ ಇಡೀ ಊರಿಗೆ ಹಾಕುತ್ತಿದ್ದ ಪುಂಡಗಂದಾಯ ಎಂಬ ದಂಡವನ್ನು ನೆನಪಿಸಿತು. 2025ರ ಜನವರಿಯಲ್ಲಿ ನಮ್ಮ ವಿಜಯಪುರದಲ್ಲೇ ಇಟ್ಟಿಗೆ ಭಟ್ಟಿಯ ಕೂಲಿಗಳನ್ನು ಕೂಡಿ ಹಾಕಿ ಪೈಪಿನಿಂದ ಹೊಡೆದ ವಿಡಿಯೋ ಎಲ್ಲರೂ ನೋಡಿದರು. ಸಂಕ್ರಾಂತಿಗೆ ಊರಿಗೆ ಹೋದವರು ತಡವಾಗಿ ಬಂದರು ಅನ್ನುವುದೇ ಅವರ ತಪ್ಪು. ಇಂಥದ್ದಕ್ಕೆಲ್ಲ ರಾಜಿ ಮೇಜು ಬೇಡವೇ ಬೇಡ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ದಲಿತರ ಮೇಲಿನ ದೌರ್ಜನ್ಯ, ಕೂಲಿಯವರನ್ನು ಮುಂಗಡದ ಸಾಲಕ್ಕೆ ಕಟ್ಟಿಹಾಕುವುದು, ಇವು ನೇರ ಎಫ್‌ಐಆರ್ ಆಗಬೇಕು, ಅದೂ ಅದೇ ದಿನ. ಬದು, ದಾರಿ, ನೀರಿನ ಪಾಳಿ, ವಾಟಣಿ (ಆಸ್ತಿ ಪಾಲು), ಇಷ್ಟಕ್ಕೆ ಮಾತ್ರ ಆ ಜಂಟಿ ಸಭೆ ಇರಲಿ.

ಅಪಾಯದ ಹೊಲಗಳ ಪಟ್ಟಿ ಮಾಡಿ ಅಂದೆ. ಪಟ್ಟಿ ಅನ್ನುವಾಗ ನನಗೆ ಭಯವೂ ಆಗುತ್ತದೆ. ನಮ್ಮ ಊರು ಪಟ್ಟಿಯ ಪಾಡು ನೋಡಿದೆ. ಬ್ರಿಟಿಷರು 1871ರಲ್ಲಿ ಕಾಯ್ದೆ ತಂದು ಕೆಲವು ಜನಾಂಗಗಳನ್ನು ಹುಟ್ಟು ಅಪರಾಧಿಗಳೆಂದು ಬರೆದಿಟ್ಟರು. ಬಿಜಾಪುರದಲ್ಲೂ ಹುಬ್ಬಳ್ಳಿಯಲ್ಲೂ ಗದಗದಲ್ಲೂ ಸೆಟ್ಲ್‌ಮೆಂಟ್ ಕಟ್ಟಿ ಅವರನ್ನು ಕೂಡಿಹಾಕಿದರು. ಹೊರಗೆ ಹೋಗಲು ಪರವಾನಗಿ, ಒಳಗೆ ಹಾಜರಿ. 1952ರ ಆಗಸ್ಟ್ 31ರಂದು ಆ ಹಣೆಪಟ್ಟಿ ಕಾನೂನಿನಲ್ಲಿ ತೆಗೆದರು. ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಕಳವಾದರೆ ಮೊದಲು ಅದೇ ಓಣಿಗೆ ಜೀಪು ಹೋಗುತ್ತದೆ. ಹಾಗಾಗಿ ನಾನು ಕೇಳುವ ಪಟ್ಟಿಯಲ್ಲಿ ಮನುಷ್ಯರ ಹೆಸರು, ಜಾತಿ ಬೇಡ. ಸರ್ವೆ ನಂಬರು ಮತ್ತು ತಕರಾರು, ಅಷ್ಟೇ ಇರಲಿ. ತಕರಾರು ಮುಗಿದ ದಿನ ಪಟ್ಟಿಯಿಂದ ಅಳಿಸಿ ಹೋಗಲಿ.

ಗೃಹ ಸಚಿವರಲ್ಲಿ ಮುಖ್ಯವಾಗಿ ಒಂದು ಮನವಿ. ತಾಯಿ ಹೆರಿಗೆಯಲ್ಲಿ ಸತ್ತರೆ ಆರೋಗ್ಯ ಇಲಾಖೆ ಆ ಸಾವನ್ನು ಪರಿಶೀಲನೆ ಮಾಡುತ್ತದೆ. ಆಶಾ ಕಾರ್ಯಕರ್ತೆ ಯಾವಾಗ ನೋಡಿದ್ದರು, ಆಂಬುಲೆನ್ಸ್ ಯಾವಾಗ ಬಂತು, ಎಲ್ಲಿ ತಡವಾಯಿತು, ಎಲ್ಲ ಕೇಳುತ್ತಾರೆ. ಜಿಲ್ಲಾಧಿಕಾರಿಯವರೆಗೂ ಅದು ಹೋಗುತ್ತದೆ. ಜೈಲಿಗೆ ಕಳಿಸಲು ಅಲ್ಲ, ಮುಂದಿನ ತಾಯಿಯನ್ನು ಉಳಿಸಲು. ಕೊಲೆಗೂ ಹಾಗೇ ಮಾಡಬಾರದೇಕೆ? ಬ್ರಿಟನ್ನಿನಲ್ಲಿ ಮನೆಯವರ ಕೈಯಲ್ಲೇ ಆದ ಕೊಲೆಗಳಿಗೆ 2011ರಿಂದ ಇಂಥ ಪರಿಶೀಲನೆ ಕಡ್ಡಾಯ. ಜಿಲ್ಲೆಯಲ್ಲಿ ಆದ ಪ್ರತಿ ಕೊಲೆಗೂ ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಒಟ್ಟಿಗೆ ಕೂತು ಹಿಂದಕ್ಕೆ ಹೋಗಿ ನೋಡಲಿ. ಸತ್ತವನೋ ಕೊಂದವನೋ ಹಿಂದೆ ಯಾವ ಕಚೇರಿಗೆ ಯಾವ ಅರ್ಜಿ ಕೊಟ್ಟಿದ್ದ? ಅದು ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು? ಹೆಸರು ತೆಗೆದು ಆ ವರದಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಿ. ತನಿಖೆ ಕೊಲೆಗಾರನನ್ನು ಹುಡುಕುತ್ತದೆ, ಕೋರ್ಟ್ ಶಿಕ್ಷೆ ಕೊಡುತ್ತದೆ. ಆ ಅರ್ಜಿ ಎಲ್ಲಿ ನಿಂತಿತು ಅಂತ ಇವತ್ತು ಯಾರೂ ಕೇಳುತ್ತಿಲ್ಲ.

ಮನೆತನದ ಹಗೆ ಇರುವ ಊರಲ್ಲಿ ಪೊಲೀಸರಿಗೆ ಹಳೆಯ ನೆನಪು ಬೇಕು. ಯಾರು ಯಾರಿಗೆ ಏನಾಗಬೇಕು, ಯಾವ ಹುಡುಗ ಪೆರೋಲ್ ಮೇಲೆ ಬಂದಿದ್ದಾನೆ, ಯಾರ ಮನೆಯಲ್ಲಿ ಮದುವೆ, ಆ ಮದುವೆಗೆ ಯಾರು ಬರುತ್ತಾರೆ, ಇದೆಲ್ಲ ಗೊತ್ತಿರಬೇಕು. ಪಿಎಸ್‌ಐ ಇದನ್ನು ಕಲಿಯುವ ಹೊತ್ತಿಗೆ ವರ್ಗ ಆಗಿರುತ್ತದೆ. ಠಾಣೆಯ ಮುಖ್ಯಸ್ಥರಿಗೆ ಕನಿಷ್ಠ 2 ವರ್ಷ ಅವಧಿ ಇರಬೇಕು ಅಂತ ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಹೇಳಿತು. ತನಿಖೆಯನ್ನೂ ಬಂದೋಬಸ್ತನ್ನೂ ಬೇರೆ ಮಾಡಿ ಅಂತಲೂ ಹೇಳಿತು. ಶಾಸಕರ ಶಿಫಾರಸು ಪತ್ರ ಹಿಡಿದುಕೊಂಡು ಠಾಣೆ ಬದಲಾಗುವುದು ನಿಲ್ಲದಿದ್ದರೆ ನೀವು ಶುರು ಮಾಡಿರುವ ಮನೆ ಮನೆಗೆ ಪೊಲೀಸ್ ಯೋಜನೆಗೂ ಜೀವ ಬರುವುದಿಲ್ಲ. ಯೋಜನೆ ಒಳ್ಳೆಯದು. ಬೀಟ್ ಪೊಲೀಸಪ್ಪ ಮನೆಗೆ ಬಂದಾಗ "ಹೊಲದ್ದೇನರ ತಕರಾರ ಐತೇನ್ರಿ" ಅಂತ ಒಂದು ಮಾತು ಕೇಳಿ ಬರೆದುಕೊಳ್ಳುವಂತೆ ಮಾಡಿ.

ಸಾಲದ ಮಾತು ಬೇರೆಯೇ ಪತ್ರಕ್ಕೆ ಆಗುವಷ್ಟಿದೆ. ಮೀಟರ್ ಬಡ್ಡಿ, ಮನೆ ಮುಂದೆ ಬಂದು ಕೂರುವ ವಸೂಲಿಯವರು, ಇವರ ವಿರುದ್ಧ 2025ರಲ್ಲಿ ಸುಗ್ರೀವಾಜ್ಞೆ ತಂದಿರಿ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂದಿರಿ. ಒಳ್ಳೆಯದಾಯಿತು. ದೂರು ಕೊಟ್ಟವನಿಗೆ ಮರುದಿನ ಊರಲ್ಲಿ ಯಾರು ಕಾವಲು ಅನ್ನುವುದನ್ನೂ ನೋಡಿ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಆತಂಕ ತಂದಿರುವ ವಿಷಯಕ್ಕೆ ಬರುತ್ತೇನೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿ ಅಣೆಕಟ್ಟಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಬೇಕು. ಮುಳುಗುವ ಭೂಮಿ 75 ಸಾವಿರ ಎಕರೆಗೂ ಜಾಸ್ತಿ. ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ ಪರಿಹಾರ ಅಂತ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ನಮ್ಮ ಜನ ಎಷ್ಟೋ ವರ್ಷದಿಂದ ಕಾದಿದ್ದಾರೆ, ಆ ಹಣ ಅವರ ಹಕ್ಕು. ಆದರೆ ಬಾಗಲಕೋಟೆ, ವಿಜಯಪುರ ಜಿಲ್ಲೆಯ ಹೊಳೆದಂಡೆಯ ಊರುಗಳಲ್ಲಿ ಎಷ್ಟು ಉತಾರಗಳು ಇನ್ನೂ ಸತ್ತ ಅಜ್ಜನ ಹೆಸರಲ್ಲಿವೆ? ಎಷ್ಟು ಹೊಲಕ್ಕೆ ಪೋಡಿ ಆಗಿಲ್ಲ? ಮನೆಯ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಬಂದಿದೆ. ಎಷ್ಟು ಕಡೆ ಅವರ ಹೆಸರು ಏರಿದೆ? ಇವತ್ತು ಎರಡು ಎಕರೆ ಒಣ ಹೊಲಕ್ಕೆ ಯಾರೂ ತಕರಾರು ಮಾಡದಿರಬಹುದು. ಅದೇ ಹೊಲಕ್ಕೆ 60 ಲಕ್ಷದ ಚೆಕ್ ಬರುತ್ತದೆ ಅಂದಾಗ ಅಣ್ಣ ತಮ್ಮ, ದೊಡ್ಡಪ್ಪ, ಮುಂಬೈಗೆ ಹೋಗಿ ಮೂವತ್ತು ವರ್ಷ ಆದ ಕಾಕಾ, ಎಲ್ಲರೂ ಬರುತ್ತಾರೆ. ತಂಗಿಯಿಂದ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಲು ಒತ್ತಡ ಶುರುವಾಗುತ್ತದೆ. ಇಂಥ ಪತ್ರ ಬರೆಯಲು ಬಂದ ತಂಗಿಯರ ಮುಖವನ್ನು ನಾನು ಎದುರು ಕೂತು ನೋಡುತ್ತೇನೆ. ಹೆಚ್ಚಿನವರು ತಲೆ ಎತ್ತುವುದಿಲ್ಲ.

ಆದ್ದರಿಂದ ಹಣಕ್ಕಿಂತ ಮೊದಲು ಕಾಗದ ಸರಿಯಾಗಲಿ. ಮುಳುಗಡೆಯ ಪ್ರತಿ ಊರಿಗೂ ಒಂದು ತಂಡ ಬರಲಿ. ಗ್ರಾಮ ಆಡಳಿತಾಧಿಕಾರಿ, ಸರ್ವೇಯರ್, ತಾಲೂಕು ಕಾನೂನು ಸೇವಾ ಸಮಿತಿಯ ಒಬ್ಬ ವಕೀಲರು, ಒಬ್ಬ ಮಹಿಳಾ ಪೊಲೀಸ್ ಅದರಲ್ಲಿರಲಿ. ಊರಲ್ಲೇ ನಾಲ್ಕು ದಿನ ಉಳಿಯಲಿ. ವಾರಸಾ, ಪಾಲು, ಹೆಣ್ಣುಮಕ್ಕಳ ಹೆಸರು ಎಲ್ಲ ಎಲ್ಲರ ಮುಂದೆ ಓದಿ ಹೇಳಲಿ. ತಕರಾರು ಇರುವ ಪಾಲಿನ ಹಣ ಕೋರ್ಟಿನಲ್ಲಿ ಠೇವಣಿ ಆಗಲಿ, ಉಳಿದವರದು ಅವರವರ ಖಾತೆಗೆ ನೇರ ಹೋಗಲಿ. ಒಬ್ಬ ಹಿರಿಯನ ಹೆಸರಿಗೆ ಎಲ್ಲ ಹಣ ಹಾಕಿ, ನೀವೇ ಹಂಚಿಕೊಳ್ಳಿ ಅಂತ ಮಾತ್ರ ಹೇಳಬೇಡಿ. ಹಾಗೆ ಹೇಳಿದರೆ ಮುಂದಿನ ಕೆಲವು ವರ್ಷ ನಮ್ಮ ಠಾಣೆಗಳಿಗೆ ಬಿಡುವು ಇರುವುದಿಲ್ಲ.

ನಿಮ್ಮ ಎರಡು ಇಲಾಖೆಗಳು ಸೇರಿ ಒಂದು ಜಂಟಿ ಆದೇಶ ಹೊರಡಿಸಬೇಕು ಎಂದು ಕೇಳಿಕೊಳ್ಳುತ್ತೇನೆ. ಮೊದಲು ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರು ಜಿಲ್ಲೆಗಳಲ್ಲಿ ಶುರು ಮಾಡಿ ನೋಡಿ. ಮುಂದಿನ ಕಬ್ಬಿನ ಹಂಗಾಮಿಗೆ ಮೊದಲು ಆದರೆ ಒಳ್ಳೆಯದು. ದಾರಿ ಜಗಳದ ಅರ್ಜಿಗಳು ಆಗಲೇ ಜಾಸ್ತಿ ಬರುತ್ತವೆ. ಈಗಾಗಲೇ ಬಂದು ಬಾಕಿ ಕೂತಿರುವ ಅರ್ಜಿಗಳಲ್ಲಿ ಹೊಡೆದಾಟದ ಮಾತು ಬರೆದಿರುವ ಅರ್ಜಿಗಳನ್ನು ಈ ವಾರವೇ ತೆಗೆಸಿ ಓದಿಸಿ. ನಾವು ಬರೆದುಕೊಡುವಾಗ ಕೊನೆಯ ಸಾಲಿನಲ್ಲಿ "ಎದುರುದಾರರಿಂದ ನಮ್ಮ ಜೀವಕ್ಕೆ ಅಪಾಯವಿರುತ್ತದೆ" ಅಂತ ಬರೆಯುತ್ತೇವೆ. ಎಲ್ಲ ಅರ್ಜಿಯಲ್ಲೂ ಇರುವ ಸಾಲು ಅಂತ ಗುಮಾಸ್ತರು ಅದನ್ನು ಓದುವುದಿಲ್ಲ. ಕೆಲವು ಅರ್ಜಿಗಳಲ್ಲಿ ಅದು ನಿಜ.

ಇಂತಿ ತಮ್ಮ ವಿಶ್ವಾಸಿ,
ತಾಲೂಕು ಕಚೇರಿ ಎದುರಿನ ಒಬ್ಬ ಅರ್ಜಿ ಬರಹಗಾರ,
ವಿಜಯಪುರ ಜಿಲ್ಲೆ